ಶಾಲು ಸಾಕು, ಅಡಿಟಿಪ್ಪಣಿ ಕೊಡಿ

(ಚಿತ್ರದುರ್ಗದಲ್ಲಿ ಇತಿಹಾಸಾಸಕ್ತರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಆಡುವಾಗ ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ಮೈಕು ಕೈಕೊಟ್ಟಾಗ ಬೈದದ್ದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ವಾಗತ ಮಾಡಿದ ಮೇಷ್ಟ್ರು ನನ್ನನ್ನು ‘ಹವ್ಯಾಸಿ ಇತಿಹಾಸಕಾರರು’ ಅಂದರು. ತಪ್ಪೇನಿಲ್ಲ. ಪಕ್ಕದಲ್ಲಿ ಕೂತ ಪ್ರಾಧ್ಯಾಪಕರನ್ನು ಮಾತ್ರ ಬರೀ ‘ಇತಿಹಾಸಕಾರರು’ ಅಂದರು, ‘ಸಂಬಳದ ಇತಿಹಾಸಕಾರರು’ ಅನ್ನಲಿಲ್ಲ. ಬಾಲ ಇರುವುದು ನಮ್ಮಂಥವರಿಗೆ ಮಾತ್ರ. ಇವತ್ತಿನ ಮಾತು ಆ ಬಾಲದ ಬಗ್ಗೆಯೇ ಇರಲಿ ಅಂತ ಬಂದಿದ್ದೇನೆ.

ನಾನು ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದವನು. ಹದ್ದುಬಸ್ತು, ಪೋಡಿ, ಹೊಲದ ಎಲ್ಲೆಗೆ ನೆಟ್ಟ ಬಾಂದುಕಲ್ಲು ಹುಡುಕುವುದು, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಸರಪಳಿ ಎಳೆಯುವುದು. ಈಗಿನ ಹುಡುಗರು ಯಂತ್ರ ಇಟ್ಟು ಗುಂಡಿ ಒತ್ತುತ್ತಾರೆ. ನಮ್ಮ ಕಾಲದಲ್ಲಿ 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಈ ಆಣೆ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಂಡಿನ ಕುರುಬರಹಟ್ಟಿ ಅನ್ನುವ ಹಳ್ಳಿಯ ಹೆಸರನ್ನು ಕಾಗದದ ಮೇಲೆ ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಬರೆಯುತ್ತಾ ಬರೆಯುತ್ತಾ ಪೆನ್ನು ನಿಂತಿತು. ದಂಡು ಅಂದರೆ ಸೈನ್ಯ ಅಲ್ಲವಾ? ಇಲ್ಲಿ ಯಾವ ದಂಡು? ಯಾರದು? ಅಲ್ಲಿಂದ ಶುರುವಾದ ಹುಚ್ಚು. ನಿಮಗೆ ಇದು ಹೊಸದಾಗಿ ಹೇಳಬೇಕಿಲ್ಲ. ಬುರುಜನಹಟ್ಟಿಯಲ್ಲಿ ಮನೆ ಮಾಡಿಕೊಂಡು ರಂಗಯ್ಯನ ಬಾಗಿಲ ಹತ್ತಿರ ತರಕಾರಿ ಕೊಳ್ಳುವ ಊರಿನವರು ನಾವು. ಯುದ್ಧದ ಭಾಷೆಯಲ್ಲೇ ವಿಳಾಸ ಹೇಳುತ್ತೇವೆ.

ಮೊದಲು ಕೋಟೆಯೊಳಗಿನ ಒಂದು ಸಣ್ಣ ಸಂಗತಿ. ಮದ್ದು ಬೀಸುವ ಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ದೊಡ್ಡ ಬೀಸುಕಲ್ಲು, ಒಂದೇ ಗುಂಡಿಯಲ್ಲಿ. ಗೈಡುಗಳು ಆನೆ ಕಟ್ಟಿ ತಿರುಗಿಸುತ್ತಿದ್ದರು ಅಂತ ಹೇಳುತ್ತಾರೆ, ಪ್ರವಾಸಿಗರು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಾನೂ ಹತ್ತಾರು ಸಲ ಹಾಗೇ ಹೋಗಿದ್ದೆ. ಒಂದು ಸಲ ಜೊತೆಗೆ ಕಲ್ಲುಕ್ವಾರಿಯಲ್ಲಿ ಮದ್ದು ತುಂಬುತ್ತಿದ್ದ ಒಬ್ಬ ಹಳೇ ಮೇಸ್ತ್ರಿ ಬಂದಿದ್ದರು. ಆ ಮನುಷ್ಯ ಕಲ್ಲಿನ ಅಂಚಿಗೆ ಕೂತು ಒಳಗೆ ಕೈಯಾಡಿಸಿ ಅಂದರು: “ಸಾರ್, ಇದನ್ನ ಒಣಗಿದ್ದಂಗೇ ಅರೆದಿದ್ರೆ ಈ ಗುಡ್ಡ ಇರ್ತಿರಲಿಲ್ಲ. ನೀರು ಚಿಮುಕಿಸಿ ಅರೆದವ್ರೆ. ಹಂಗಾದ್ರೆ ಒಣಗ್ಸಿದ್ದೆಲ್ಲಿ?”

ನಾನು ಬಾಯಿ ಮುಚ್ಚಿಕೊಂಡೆ. ಕಪ್ಪು ಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಅಂತ ಪುಸ್ತಕ ಓದಿ ನನಗೆ ಬಾಯಿಪಾಠ ಇತ್ತು. ಒದ್ದೆ ಮಾಡಿ ಅರೆಯುವ ಕ್ರಮ ಬೇರೆ ದೇಶಗಳಲ್ಲೂ ಇತ್ತು ಅಂತ ಗೊತ್ತಿತ್ತು. ಆದರೆ ಒದ್ದೆ ಮಾಡಿದ್ದನ್ನು ಒಣಗಿಸಲೇಬೇಕು ಅನ್ನುವುದು ಹೊಳೆದಿರಲಿಲ್ಲ. ಒಣಗಿಸಲು ಬಿಸಿಲು ಬೀಳುವ ಬಯಲು ಬೇಕು. ಅಡುಗೆ ಮನೆಯ ಕಿಡಿ ಹಾರಿ ಬರದಷ್ಟು ದೂರ ಇರಬೇಕು. ಮಳೆ ಬಂದರೆ ಗಡಬಡಿಸಿ ಒಳಗೆ ಸಾಗಿಸುವಷ್ಟು ಹತ್ತಿರ ಒಂದು ಉಗ್ರಾಣ ಬೇಕು. ಆಮೇಲೆ ಪೆಟ್ಲುಪ್ಪು ಎಲ್ಲಿಂದ ಬಂತು? ದನದ ಕೊಟ್ಟಿಗೆಯ ಮಣ್ಣು, ಹಳೇ ಮಣ್ಣುಗೋಡೆಯ ಮಣ್ಣು, ಇವನ್ನು ಸೋಸಿ ಕುದಿಸಿ ತೆಗೆಯುವುದು ಅದನ್ನು. ಅಂದರೆ ಕೋಟೆಯ ಒಂದು ತೋಪು ಸಿಡಿಯಬೇಕಾದರೆ ಸುತ್ತಲ ಹತ್ತಾರು ಹಳ್ಳಿಗಳ ಕೊಟ್ಟಿಗೆ ಕೆರೆಯಬೇಕು. ಕೆರೆದವರು ಯಾರು, ಅವರಿಗೆ ಕೂಲಿ ಸಿಕ್ಕಿತಾ? ಯುದ್ಧದ ಇತಿಹಾಸ ಅಂದರೆ ನನಗೆ ಇದು. ಕತ್ತಿ, ಕುದುರೆ, ಮೀಸೆ ಇವೆಲ್ಲ ಆಮೇಲಿನ ಮಾತು.

ಈ ಪ್ರಶ್ನೆ ಕೇಳಿದ ಮೇಸ್ತ್ರಿ ಏಳನೇ ಕ್ಲಾಸು ಓದಿದವರು. ಇದನ್ನು ನಾನು ಲೇಖನ ಮಾಡಿದರೆ ಅವರ ಹೆಸರನ್ನು ಎಲ್ಲಿ ಹಾಕಲಿ? ಈ ಪ್ರಶ್ನೆ ನನಗೆ ಬಂದಾಗ ಬೇರೆಯವರು ನನಗೆ ಏನು ಮಾಡಿದ್ದರು ಅನ್ನುವುದು ನೆನಪಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಮಾಯಕೊಂಡ ಇದೆಯಲ್ಲ, ದಾವಣಗೆರೆ ತಾಲ್ಲೂಕಿನ ಮಾಯಕೊಂಡ. ದಾವಣಗೆರೆಯಿಂದ ಚಿಕ್ಕಜಾಜೂರಿನ ಕಡೆ ರೈಲಲ್ಲಿ ಹೋದರೆ ಸಿಗುತ್ತದೆ. 1748ರಲ್ಲಿ ಅಲ್ಲಿ ದುರ್ಗದ ಹಿರೇ ಮದಕರಿನಾಯಕ ಬಿದ್ದದ್ದು. ಎದುರಿಗೆ ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರು ಎಲ್ಲ ಒಂದಾಗಿದ್ದವು. ದುರ್ಗದ ಕಡೆ ಚಂದಾ ಸಾಹೇಬ ಇದ್ದ, ಅವನ ಮಗ ಅಲ್ಲೇ ಸತ್ತ. ಮುಂದೆ ಕರ್ನಾಟಿಕ್ ಯುದ್ಧದಲ್ಲಿ ಫ್ರೆಂಚರ ಜೊತೆ ನಿಂತು ದೊಡ್ಡ ಹೆಸರು ಮಾಡಿದ ಅದೇ ಚಂದಾ ಸಾಹೇಬ. ಇಷ್ಟು ದೊಡ್ಡ ಕಾಳಗ ನಡೆದ ಜಾಗದಲ್ಲಿ ಈಗ ಮೆಕ್ಕೆಜೋಳ. ಒಂದು ಸಲ ಬದುವಿನ ಮೇಲೆ ನಿಂತು ನೋಡುತ್ತಿದ್ದಾಗ ಒಬ್ಬ ಅಜ್ಜಿ ಬಂದು, “ಏನ್ ಹುಡುಕ್ತೀಯಪ್ಪ? ಬೋರ್ ಪಾಯಿಂಟಾ?” ಅಂತ ಕೇಳಿದರು. ಇಲ್ಲಜ್ಜಿ, ಇಲ್ಲಿ ಯುದ್ಧ ಆಗಿತ್ತಂತೆ ಅಂದೆ. “ಇಲ್ಲಿ ದಿನಾ ಆಗ್ತದೆ ಬಿಡು” ಅಂತ ಹೊಲದ ಆಚೆ ಮನೆ ಕಡೆ ಕೈ ತೋರಿಸಿದರು.

ಆರು ಬೇಸಿಗೆ ಅಲ್ಲಿ ಅಲೆದೆ. ಗ್ರಾಮ ನಕ್ಷೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಹಳ್ಳ, ದಿಣ್ಣೆ, ಹಳೇ ಬಾವಿ, ಬಂಡಿದಾರಿ ಎಲ್ಲ ಗುರುತು ಮಾಡಿ ಒಂದು ನಕ್ಷೆ ಮಾಡಿದೆ. ಸಾವಿರಗಟ್ಟಲೆ ಕುದುರೆ ಬಂದರೆ ನೀರು ಎಲ್ಲಿ ಕುಡಿಸಿದರು, ಆನೆ ನಿಲ್ಲುವಷ್ಟು ಗಟ್ಟಿನೆಲ ಯಾವ ಕಡೆ, ಕರಿಮಣ್ಣು ಯಾವ ಕಡೆ, ಅಷ್ಟೇ ನನ್ನ ಪ್ರಶ್ನೆ. ಸರ್ವೇಯರ್‌ಗೆ ಅದಕ್ಕಿಂತ ಹೆಚ್ಚು ಏನು ಬಂದೀತು?

ಒಂದು ದಿನ ಸಂಶೋಧನೆ ಮಾಡುತ್ತಿದ್ದ ಒಬ್ಬರು ಮನೆಗೆ ಬಂದರು. ವಿನಯವಂತರು. ಮಂಡಕ್ಕಿ, ಮೆಣಸಿನಕಾಯಿ ತಿಂದರು, ನಮ್ಮ ಮನೆಯವರ ಕೈರುಚಿ ಹೊಗಳಿದರು, ನಕ್ಷೆಯ ಜೆರಾಕ್ಸ್ ತೆಗೆದುಕೊಂಡು ಹೋದರು. ಕೆಲವು ವರ್ಷ ಆದಮೇಲೆ ಅವರ ಪ್ರಬಂಧ ಪುಸ್ತಕವಾಗಿ ಬಂತು. ನಕ್ಷೆ ಇತ್ತು. ಕೆಳಗೆ ‘ಕ್ಷೇತ್ರಕಾರ್ಯದ ಆಧಾರದಿಂದ’ ಅಂತ ಇತ್ತು. ಮುನ್ನುಡಿಯಲ್ಲಿ ‘ಸಹಕರಿಸಿದ ಸ್ಥಳೀಯರಿಗೆ’ ಕೃತಜ್ಞತೆ ಇತ್ತು. ನಾನು ಸ್ಥಳೀಯರು.

ಅದು ನನ್ನದೇ ನಕ್ಷೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಬಹುದು. ನಾನು ಅದರಲ್ಲಿ ಒಂದು ತಪ್ಪು ಮಾಡಿದ್ದೆ. ಪಶ್ಚಿಮದ ಹಳ್ಳಕ್ಕೆ ಹಿಡಿದ ಅಳತೆ 9 ಸರಪಳಿ 6 ಆಣೆ. ಟಿಪ್ಪಣಿಯಿಂದ ನಕ್ಷೆಗೆ ಇಳಿಸುವಾಗ 6 ಸರಪಳಿ 9 ಆಣೆ ಅಂತ ಇಳಿಸಿಬಿಟ್ಟೆ. ಸಂಜೆ ಕರೆಂಟು ಹೋಗಿತ್ತು, ಕನ್ನಡಕ ಹಳೆಯದು, ನೆಪ ಏನೇ ಇರಲಿ. ಅದರಿಂದ ಹಳ್ಳ ಇಲ್ಲದ ಕಡೆ ಒಂದು ತಿರುವು ತೆಗೆದುಕೊಂಡಿತು. ಆ ಪುಸ್ತಕದಲ್ಲೂ ಹಳ್ಳ ಅಲ್ಲೇ ತಿರುಗಿದೆ! ಸಾಲದು ಅಂತ, ‘ಸವಣೂರಿನ ಕುದುರೆ ಪಡೆ ಈ ತಿರುವಿನ ಮರೆಯಲ್ಲಿ ಹೊಂಚಿ ನಿಂತಿರಬೇಕು’ ಅಂತ ಒಂದು ಪ್ಯಾರಾ ಬೇರೆ. ನನ್ನ ಕೈತಪ್ಪಿನಲ್ಲಿ ಪಾಪ ಕುದುರೆಗಳು ಅಡಗಿ ನಿಂತಿವೆ.

ನಗಬೇಡಿ. ಇದರಲ್ಲಿ ನನಗೂ ಅವರಿಗೂ ಸಮಪಾಲು ಇದೆ. ಅವರು ನನ್ನ ಹೆಸರು ಹಾಕಿದ್ದರೆ ಓದಿದ ಯಾರೋ ಒಬ್ಬರು ‘ಈ ಸರ್ವೇಯರ್ ಯಾರು, ಅವನ ಟಿಪ್ಪಣಿ ತೋರಿಸಿ’ ಅಂತ ಕೇಳುತ್ತಿದ್ದರು, ತಪ್ಪು ಸಿಕ್ಕುತ್ತಿತ್ತು. ಅಡಿಟಿಪ್ಪಣಿ ಇರುವುದು ಹೊಗಳುವುದಕ್ಕೆ ಅಂತ ನಾವು ತಿಳಿದುಕೊಂಡಿದ್ದೇವೆ. ತಪ್ಪಿತಸ್ಥನ ಮನೆ ವಿಳಾಸ ಅದು. ನನ್ನ ವಿಳಾಸ ಕಿತ್ತು ಹಾಕಿದ್ದರಿಂದ ನನಗಾದ ಅನ್ಯಾಯಕ್ಕಿಂತ ಹಿರೇ ಮದಕರಿನಾಯಕನಿಗಾದ ಅನ್ಯಾಯ ಹೆಚ್ಚು.

ಇನ್ನೊಂದು ಚಿಕ್ಕದು. ಒಂದು ಪತ್ರಾಗಾರಕ್ಕೆ ಹೋಗಿದ್ದೆ. ಅರ್ಜಿಯಲ್ಲಿ ‘ಸಂಸ್ಥೆ’ ಅಂತ ಒಂದು ಕಾಲಂ. ಖಾಲಿ ಬಿಟ್ಟೆ. ಕಿಟಕಿಯಲ್ಲಿದ್ದವರು ತುಂಬಲೇಬೇಕು ಅಂದರು. ‘ಮನೆ’ ಅಂತ ಬರೆದೆ. ಮಾರ್ಗದರ್ಶಕರ ಪರಿಚಯ ಪತ್ರ ತನ್ನಿ ಅಂತ ವಾಪಸ್ ಕಳಿಸಿದರು. ಅರವತ್ತು ದಾಟಿದವನಿಗೆ ಮಾರ್ಗದರ್ಶಕರನ್ನು ಎಲ್ಲಿಂದ ತರಲಿ? ಈಗ ಪರವಾಗಿಲ್ಲ, ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ ಜಾಲತಾಣದಲ್ಲಿ ಎಷ್ಟೋ ಕಡತಗಳನ್ನು ಮನೆಯಲ್ಲೇ ಕೂತು ನೋಡಬಹುದು. ಇತ್ತೀಚಿನ ಯುದ್ಧಗಳ ಕಥೆ ಬೇರೆ. 2021ರಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ತಂದಿತು, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆ ಬಿಡುಗಡೆ ಮಾಡಬೇಕು ಅಂತ. ಆದರೂ 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆಯೇ ಬರೆಸಿಕೊಂಡ ಹೆಂಡರ್‌ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಪ್ರಕಟಿಸಿಲ್ಲ. ಅದರ ಒಂದು ಭಾಗ 2014ರಲ್ಲಿ ಹೊರಬಂದದ್ದು ಒಬ್ಬ ವಿದೇಶಿ ಪತ್ರಕರ್ತನಿಂದ. ಇದರಲ್ಲಿ ಪ್ರಾಧ್ಯಾಪಕರೂ ನಾವೂ ಒಂದೇ ಬಾಗಿಲ ಹೊರಗೆ ನಿಂತವರು.

ನಮ್ಮ ಪರ ಮಾತಾಡುವವರು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತಾರೆ. ನೋಡಿ, ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯಿಂದ ಬಂದವರು, ಆದರೂ ನಮ್ಮ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನ 1892ರಲ್ಲಿ ಹುಡುಕಿದರು. ಮಸ್ಕಿಯ ಶಾಸನ, ಅಶೋಕ ಅನ್ನುವ ಹೆಸರೇ ಇರುವ ಶಾಸನ, 1915ರಲ್ಲಿ ಕಂಡದ್ದು ಬೀಡನ್ ಅನ್ನುವ ಗಣಿ ಇಂಜಿನಿಯರ್‌ಗೆ. ಕೈಫಿಯತ್ತುಗಳನ್ನು, ಅಂದರೆ ಊರೂರಿನ ಹಳೇ ಚರಿತ್ರೆಯ ಬರಹಗಳನ್ನು, ಕೂಡಿಸಿದ ಕಾಲಿನ್ ಮೆಕೆಂಜಿಯಂತೂ ನಮ್ಮ ಇಲಾಖೆಯವನೇ, ಸರ್ವೇಯರ್; 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ಮೈಸೂರು ರಾಕೆಟ್ಟುಗಳ ಬಗ್ಗೆ 1985ರಲ್ಲಿ ತೂಕದ ಅಧ್ಯಯನ ಬರೆದವರು ರೊದ್ದಂ ನರಸಿಂಹ, ವಿಮಾನ ವಿಜ್ಞಾನಿ. ಹೀಗೆ.

ಈ ಪಟ್ಟಿಯನ್ನು ನಾನೂ ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಗ ಹೇಳಲು ಸ್ವಲ್ಪ ನಾಚಿಕೆ. ಯಾಕೆಂದರೆ ಇವರಲ್ಲಿ ಯಾರೂ ನಮ್ಮ ಹಾಗೆ ಬರಿಗೈಯವರಲ್ಲ. ಬೆನ್ನ ಹಿಂದೆ ಸರ್ಕಾರ ಇತ್ತು, ಲೆಟರ್‌ಹೆಡ್ ಇತ್ತು, ಜವಾನ ಇದ್ದ. ಮೆಕೆಂಜಿ ಕುದುರೆ ಇಳಿದರೆ ಶ್ಯಾನುಭೋಗರು ಕಡತ ಹಿಡಿದು ಓಡಿ ಬರುತ್ತಿದ್ದರು. ಊರೂರು ತಿರುಗಿ ಹಳಬರ ಬಾಯಿ ಬಿಡಿಸಿದವರು ಅವನ ಸಹಾಯಕರು, ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರು. ಬೋರಯ್ಯ 1803ರಲ್ಲೇ ತೀರಿಕೊಂಡ. ಸಂಗ್ರಹಕ್ಕೆ ಇವತ್ತಿಗೂ ಮೆಕೆಂಜಿಯ ಹೆಸರು. ನಮ್ಮ ಪೂರ್ವಿಕ ಯಾರು ಅಂತ ಕೇಳಿದರೆ ನಾನು ಬೋರಯ್ಯನ ಕಡೆ ಕೈ ತೋರಿಸುತ್ತೇನೆ.

ಬರಿಗೈಯವರು ಬೇಕಾದರೆ ಮರಾಠರ ಇತಿಹಾಸ ಬರೆದ ಪುಣೆಯ ರಾಜವಾಡೆ ಇದ್ದಾರೆ. ವಿಶ್ವವಿದ್ಯಾಲಯದ ಕುರ್ಚಿ ಇಲ್ಲದೆ ವಾಡೆಗಳ ಅಟ್ಟ ಹತ್ತಿ ಮರಾಠಿಯ ಹಳೇ ಮೋಡಿ ಲಿಪಿಯ ಕಾಗದ ಮೂಟೆಗಟ್ಟಲೆ ಇಳಿಸಿದವರು. ಅವರ ಮೊದಲ ಸಂಪುಟ 1898ರಲ್ಲಿ ಬಂತು, ಪಾಣಿಪತ್ತಿನ ಕಾಲದ ಪತ್ರಗಳು. ಆದರೆ ಕಥೆಯ ಬಾಲ ಕೇಳಿ. ಅವರು 1910ರಲ್ಲಿ ಕಟ್ಟಿದ ಪುಣೆಯ ಇತಿಹಾಸ ಸಂಶೋಧಕ ಮಂಡಲದವರೇ ಮುಂದೆ ಇನ್ನೊಬ್ಬ ಇತಿಹಾಸಕಾರ ಸರದೇಸಾಯಿಯವರನ್ನು ಹೊರಗಿನವರು ಅಂತ ಕಂಡರು. ಪೇಶ್ವೆ ದಫ್ತರದ, ಅಂದರೆ ಪೇಶ್ವೆಗಳ ಕಚೇರಿ ಕಡತಗಳ, 45 ಸಂಪುಟಗಳನ್ನು ಹೊರತಂದ ಸರದೇಸಾಯಿ ಬರೋಡ ಅರಮನೆಯ ನೌಕರಿಯಲ್ಲಿ ಇದ್ದವರು, ಅವರ ಬೆನ್ನಿಗೆ ನಿಂತವರು ಬಂಗಾಳದ ಇತಿಹಾಸಕಾರ ಜದುನಾಥ ಸರ್ಕಾರ್. ಬಾಗಿಲು ಕಾಯುವ ಚಟ ಪ್ರಾಧ್ಯಾಪಕರಿಗೆ ಮಾತ್ರ ಅಂತ ತಿಳಿಯಬೇಡಿ. ಕೋಟೆಯ ಕೀಲಿ ನಮ್ಮ ಕೈಗೆ ಬಂದರೆ ನಾವೂ ಏಳು ಸುತ್ತು ಹಾಕಿ ಬೀಗ ಜಡಿಯುವವರೇ.

ನನಗೆ ಧೈರ್ಯ ಕೊಡುವ ಕಥೆ ದೂರದ್ದು. ಲ್ಯಾಂಬಿಸ್ ಎಂಗ್ಲೆಜೋಸ್ ಅಂತ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಬ್ಬ ನಿವೃತ್ತ ಶಾಲಾ ಮೇಷ್ಟ್ರು. ಚಿತ್ರಕಲೆ ಕಲಿಸುತ್ತಿದ್ದವರು. ಫ್ರಾನ್ಸಿನ ಫ್ರೊಮೆಲ್ ಅನ್ನುವ ಹಳ್ಳಿಯಲ್ಲಿ 1916ರ ಜುಲೈ 19ರ ಸಂಜೆ ಶುರುವಾದ ಕಾಳಗದಲ್ಲಿ ಒಂದೇ ರಾತ್ರಿಗೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 5,533 ಆಸ್ಟ್ರೇಲಿಯನ್ನರು. ಈ ಮೇಷ್ಟ್ರು ಮಾಡಿದ್ದು ಕೂಡುವ ಕಳೆಯುವ ಲೆಕ್ಕ. ಕಾಣೆಯಾದವರು ಎಷ್ಟು, ಸುತ್ತಲ ಸ್ಮಶಾನಗಳಲ್ಲಿ ಹೆಸರಿಲ್ಲದ ಗೋರಿ ಎಷ್ಟು? ಲೆಕ್ಕ ಕೂಡಲಿಲ್ಲ. ನೂರಕ್ಕೂ ಹೆಚ್ಚು ಜನ ಎಲ್ಲೂ ಇಲ್ಲ. ಎಲ್ಲಿ ಹೋದರು? ಕಾಳಗ ಮುಗಿದ ಮೇಲೆ ವಿಮಾನದಿಂದ ತೆಗೆದ ಹಳೇ ಫೋಟೋಗಳಲ್ಲಿ ಒಂದು ಕಾಡಿನ ಅಂಚಿಗೆ ಸಾಲಾಗಿ ಗುಂಡಿಗಳು ಕಂಡವು. ಜರ್ಮನರು ಹೂತಿದ್ದಾರೆ ಅಂದರು ಮೇಷ್ಟ್ರು.

ಸೇನೆಯವರೂ ತಜ್ಞರೂ ಮೊದಲು ನಂಬಲಿಲ್ಲ. ಯುದ್ಧ ಮುಗಿದಾಗಲೇ ಹುಡುಕಿ ತೆಗೆದಿರಬೇಕು, ಅಲ್ಲಿ ಏನೂ ಉಳಿದಿಲ್ಲ ಅನ್ನುವ ವಾದ. ಅದು ದಡ್ಡ ವಾದವೂ ಅಲ್ಲ, ಯುದ್ಧದ ನಂತರ ಅಲ್ಲೆಲ್ಲ ದೊಡ್ಡ ಹುಡುಕಾಟ ನಡೆದದ್ದು ನಿಜ. ಮೇಷ್ಟ್ರು ಬಿಡಲಿಲ್ಲ. ಗೆಳೆಯರು ಸೇರಿದರು, ಹೂಳಲು ಗುಂಡಿ ತೋಡಿ ಅಂತ ಬವೇರಿಯಾದ ಪಡೆಗೆ ಕೊಟ್ಟ ಆಜ್ಞೆ ಜರ್ಮನ್ ಕಡತದಲ್ಲಿ ಸಿಕ್ಕಿತು. 2008ರಲ್ಲಿ ಸ್ವಲ್ಪ ಅಗೆದು ನೋಡಿದರು, ಮೂಳೆ ಕಂಡಿತು. 2009ರಲ್ಲಿ ಪೂರ್ತಿ ಅಗೆದಾಗ 250 ದೇಹ. ಡಿಎನ್‌ಎ ಪರೀಕ್ಷೆ ಮಾಡಿ ಹೆಸರು ಹುಡುಕಿದರು, ಹೊಸ ಸ್ಮಶಾನ ಕಟ್ಟಿ 2010ರ ಜುಲೈ 19ಕ್ಕೆ ಸಮರ್ಪಿಸಿದರು. ತೊಂಬತ್ತು ವರ್ಷ ‘ಕಾಣೆ’ ಅಂತ ಇದ್ದ ಹುಡುಗರಿಗೆ ಕಲ್ಲಿನ ಮೇಲೆ ಹೆಸರು ಬಂತು.

ಇದನ್ನು ಹೇಳಿದಾಗಲೆಲ್ಲ ನಮ್ಮವರು ಚಪ್ಪಾಳೆ ತಟ್ಟುತ್ತಾರೆ, ನೋಡಿ ಮೇಷ್ಟ್ರು ಗೆದ್ದರು ಅಂತ. ನಾನು ಎರಡು ಸಂಗತಿ ಸೇರಿಸುತ್ತೇನೆ. ಒಂದು, ಅಗೆದವರು ವಿಶ್ವವಿದ್ಯಾಲಯದ, ಸಂಸ್ಥೆಗಳ ಪುರಾತತ್ವಜ್ಞರು. ಮೇಷ್ಟ್ರು ರಾತ್ರಿ ಗುದ್ದಲಿ ತಗೊಂಡು ಹೋಗಲಿಲ್ಲ. ಎರಡು, ಅವರ ಕೈಯಲ್ಲಿ ಇದ್ದದ್ದು ಬೇರೆಯವರೂ ಕೂಡಿಸಿ ನೋಡಬಹುದಾದ ಲೆಕ್ಕ. ನಂಬದವನೂ ಅದೇ ಅಂಕಿ ಹಿಡಿದು ಕೂತರೆ ಅದೇ ಉತ್ತರ ಬರಬೇಕು.

ಗುದ್ದಲಿ ಮಾತು ಸುಮ್ಮನೆ ಎತ್ತಲಿಲ್ಲ. ಲೋಹಶೋಧಕ ಹಿಡಿದು ಕೋಟೆ ಸುತ್ತ ಓಡಾಡುವ ಹುಡುಗರು ನಮ್ಮಲ್ಲೂ ಇದ್ದಾರೆ. ಬೇಡ. ಸಂರಕ್ಷಿತ ಸ್ಮಾರಕ ಅದು, 1958ರ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು ಅಂತ 1878ರಿಂದ ಕಾನೂನು ಇದೆ. ಅದಕ್ಕಿಂತ ದೊಡ್ಡ ಮಾತು, ಒಂದು ಗುಂಡು ಇದ್ದ ಜಾಗದಿಂದ ಎತ್ತಿದ ಮೇಲೆ ಅದು ಬರೀ ಸೀಸ. ಬಿದ್ದಿದ್ದ ಜಾಗವೇ ಅದರ ಮಾತು. ಸರ್ವೇಯರ್ ಆಗಿ ಹೇಳುತ್ತೇನೆ, ಕಿತ್ತಿಟ್ಟ ಬಾಂದುಕಲ್ಲಿನಿಂದ ಯಾವ ಹದ್ದೂ ಸಿಗುವುದಿಲ್ಲ.

ನಮ್ಮ ಮನೆಯ ಕಸವನ್ನೂ ಸ್ವಲ್ಪ ಗುಡಿಸೋಣ. ಪ್ರಾಧ್ಯಾಪಕರು ನಮ್ಮನ್ನು ದೂರ ಇಡಲು ಕಾರಣ ಸೊಕ್ಕು ಮಾತ್ರ ಅಂತ ನಾನು ಒಪ್ಪುವುದಿಲ್ಲ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆ ಸಾಗಿಸಿದ ಅಂತ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ, ಆಗಿದ್ದವನು, ಅವನ ಪುಸ್ತಕ ಬರಲು ಶುರುವಾದದ್ದು 1810ರಲ್ಲಿ, ಘಟನೆಯಾಗಿ ಮೂವತ್ತು ವರ್ಷಕ್ಕೆ. ಹೈದರನನ್ನು ಹೊಗಳುವ ಅಗತ್ಯ ಅವನಿಗಿರಲಿಲ್ಲ. ಆ 20,000ವನ್ನೂ ತೂಗಿಯೇ ತಗೊಳ್ಳಬೇಕು. ನನ್ನ ಫೋನಿಗೆ ಬಂದ ಒಂದು ವಾಟ್ಸಾಪಿನಲ್ಲಿ ಅದು ಒಂದು ಲಕ್ಷ ಆಗಿತ್ತು, ಕೆಳಗೆ ‘ಇತಿಹಾಸಕಾರರು ಮುಚ್ಚಿಟ್ಟ ಸತ್ಯ’ ಅಂತ ಬೇರೆ. ಕಳಿಸಿದವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ, ಕಾಫಿ ಕೊಡಿಸಿದ್ದಾರೆ.

ಓಬವ್ವನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಕಿಂಡಿಯ ಮುಂದೆ ನಿಂತರೆ ನನ್ನ ಕಣ್ಣಲ್ಲೂ ನೀರು ಬರುತ್ತದೆ. ಜನರ ಬಾಯಿಂದ ಬಾಯಿಗೆ ಬಂದ ಕಥೆ ಅದು, ಹಾಗೇ ಹೇಳಿದರೆ ಅದರ ಬೆಲೆ ಕಮ್ಮಿಯಾಗುವುದಿಲ್ಲ. ಆದರೆ ‘ಯಾವ ಮುತ್ತಿಗೆಯಲ್ಲಿ ಆದದ್ದು, ಹೇಗೆ ಗೊತ್ತು’ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರೆ ಸಿಟ್ಟಾಗುವ ನಾವು, ಪ್ರಾಧ್ಯಾಪಕರು ನಮ್ಮನ್ನು ಪ್ರಶ್ನೆ ಕೇಳುವುದೇ ಇಲ್ಲ ಅಂತ ದೂರುವುದು ಹೇಗೆ? ಜಾತಿಯ ಹೆಮ್ಮೆ, ಊರಿನ ಹೆಮ್ಮೆ ಸೇರಿದರಂತೂ ಕೇಳಲೇಬೇಡಿ. ನನ್ನ ಮಾಯಕೊಂಡದ ನಕ್ಷೆ ನೋಡಿದ ಒಬ್ಬರು, ದುರ್ಗದವರು ಸೋತ ಹಾಗೆ ಕಾಣುತ್ತದೆ, ಸ್ವಲ್ಪ ತಿದ್ದಿ ಅಂದರು. ನಾಯಕನೇ ಬಿದ್ದ ಕಾಳಗ ಸ್ವಾಮಿ, ಇನ್ನೇನು ತಿದ್ದಲಿ?

ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಯುದ್ಧದ ಇತಿಹಾಸ ಅಂದರೆ ಮೂಗು ಮುರಿಯಬೇಡಿ. ಕಂದಾಯ, ಮಣ್ಣು, ದನ, ಕೂಲಿ ಎಲ್ಲವೂ ಅದರೊಳಗೇ ಇವೆ, ಮೇಸ್ತ್ರಿ ಕೇಳಿದ ಪ್ರಶ್ನೆಯ ಹಾಗೆ. ನಮಗೆ ರಾಜ್ಯೋತ್ಸವಕ್ಕೆ ಶಾಲು ಹೊದಿಸುತ್ತೀರಿ, ಹಣ್ಣಿನ ಬುಟ್ಟಿ ಕೊಡುತ್ತೀರಿ. ಮನೆಯಲ್ಲಿ ಹನ್ನೊಂದು ಶಾಲು ಇವೆ, ದುರ್ಗದ ಬಿಸಿಲಿಗೆ ಒಂದೂ ಹೊದೆಯಲು ಆಗುವುದಿಲ್ಲ. ಅದರ ಬದಲು ನಿಮ್ಮ ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಇಂಥವರ ಅಳತೆ, ಇಂಥ ದಿನ, ಸರಪಳಿಯಿಂದ ಹಿಡಿದದ್ದು, ನಾನು ಪರೀಕ್ಷಿಸಿದಾಗ ತಪ್ಪು ಕಂಡಿತು’ ಅಂತ ಒಂದು ಸಾಲು ಹಾಕಿಸಿ. ತಪ್ಪು ಅಂತಲೇ ಹಾಕಿಸಿ. ನಮ್ಮವರಿಗೂ ಅಷ್ಟೇ ಹೇಳುವುದು: ಯಾವ ದಿನ ಎಲ್ಲಿ ನಿಂತು ಯಾವುದರಿಂದ ಅಳೆದಿರಿ, ಯಾರು ಹೇಳಿದರು, ಬರೆದಿಡಿ. ಮದ್ದಿನ ಕಲ್ಲಿನ ಲೇಖನದಲ್ಲಿ ನಾನು ಮೇಸ್ತ್ರಿಯವರ ಹೆಸರನ್ನು ಲೇಖಕರ ಜಾಗದಲ್ಲೇ ಹಾಕಿದ್ದೇನೆ, ಮೊದಲು ಅವರದು, ಆಮೇಲೆ ನನ್ನದು. ಅವರಿಗೆ ತೋರಿಸಿದಾಗ, “ಇದರಿಂದ ಕೇಸು ಗೀಸು ಆಗಲ್ಲ ತಾನೇ ಸಾರ್?” ಅಂತ ಕೇಳಿದರು.

ಮಾತು ಮುಗಿದ ಮೇಲೆ ಎಂ.ಎ. ಓದುತ್ತಿರುವ ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಆ ಪುಸ್ತಕ ಬರೆದವರಿಗೆ ಹಳ್ಳದ ತಪ್ಪನ್ನು ನೀವು ತಿಳಿಸಿದಿರಾ?”

ಸುಳ್ಳು ಹೇಳಲು ಆಗಲಿಲ್ಲ. ಮೊದಲ ಐದು ತಿಂಗಳು ತಿಳಿಸಲಿಲ್ಲಮ್ಮ ಅಂದೆ, ಒಳಗೊಳಗೇ ಖುಷಿ ಪಡುತ್ತಿದ್ದೆ. ಆಮೇಲೆ ನಿದ್ದೆ ಬರಲಿಲ್ಲ, ಟಿಪ್ಪಣಿಯ ಆ ಹಾಳೆಯ ಜೆರಾಕ್ಸ್ ಇಟ್ಟು ರಿಜಿಸ್ಟರ್ ಪೋಸ್ಟ್ ಮಾಡಿದೆ, 9 ಸರಪಳಿ 6 ಆಣೆ ಅಂತ ಕೆಂಪಲ್ಲಿ ಗೆರೆ ಎಳೆದು. ತಪ್ಪು ನನ್ನದು ಅಂತಲೂ ಬರೆದೆ. ಒಂದೂವರೆ ವರ್ಷ ಆಯಿತು, ಉತ್ತರ ಬಂದಿಲ್ಲ. ಪುಸ್ತಕ ಎರಡನೇ ಮುದ್ರಣ ಕಂಡಿದೆ. ತಗೊಂಡು ನೋಡಿದೆ, ಸವಣೂರಿನ ಕುದುರೆಗಳು ಇನ್ನೂ ಅಲ್ಲೇ ನಿಂತಿವೆ.